ಮೂರನೆಯ ಸೌಟು

ನನ್ನ ಕೈಯಲ್ಲಿ ಉಂಡವರು ನನ್ನನ್ನು ಹೊಗಳುವುದಿಲ್ಲ. ಅಡಿಗೆ ಕೆಟ್ಟಿರುತ್ತದೆ ಎಂದಲ್ಲ. ಯಾರಾದರೂ "ಸಾಕು" ಎಂದರೆ ನಾನು ಸೌಟನ್ನು ತಿರುಗಿ ಪಾತ್ರೆಗೆ ಹಾಕಿಬಿಡುತ್ತೇನೆ. ಇನ್ನೊಂದು ಸಲ ಕೇಳುವುದಿಲ್ಲ. ನಮ್ಮ ಕಡೆ ಇದು ದೊಡ್ಡ ಅಪರಾಧ. ಉಣ್ಣುವವರು ಮೊದಲ ಸಲ "ಸಾಕು" ಎನ್ನುವುದು ನಾಚಿಕೆಗೆ, ಎರಡನೆಯ ಸಲ ಎನ್ನುವುದು ಮರ್ಯಾದೆಗೆ. ಮೂರನೆಯ ಸಲ ಎರಡೂ ಕೈಯನ್ನು ತಾಟಿಗೆ ಅಡ್ಡ ಹಿಡಿದು, ಅರ್ಧ ಎದ್ದು ನಿಂತು, "ನಿಮ್ಮ ಕಾಲಿಗೆ ಬೀಳ್ತೀನಿ" ಎಂದರೆ ಆಗ ಅವರ ಹೊಟ್ಟೆ ಖರೇ ತುಂಬಿದೆ ಎಂದು ತಿಳಿಯಬೇಕು. ಇದು ಎಲ್ಲರಿಗೂ ಗೊತ್ತಿರುವ ನಾಟಕ. ನಾನು ಮಾತ್ರ ನನ್ನ ಪಾತ್ರ ಮಾಡುವುದಿಲ್ಲ.

ಮೊನ್ನೆ ಬೀಗರು ಬಂದಿದ್ದರು. ಎರಡನೆಯ ರೊಟ್ಟಿಗೇ "ಸಾಕ್ರಿ" ಎಂದರು. ನಾನು "ಹೂಂ" ಎಂದು ಬುಟ್ಟಿ ಒಳಗಿಟ್ಟೆ. ಪಾಪ, ಅವರು ಬುಟ್ಟಿ ಹೋದ ದಿಕ್ಕನ್ನೇ ನೋಡುತ್ತ ಕೈ ತೊಳೆದರು. ಸೊಸೆ ಒಳಗೆ ಬಂದು ನನ್ನ ಮೇಲೆ ಹರಿಹಾಯ್ದಳು.

"ಅಲ್ಲ ಅತ್ತಿ, ಇನ್ನೊಂದ ಸಲ ಕೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

"ನನ್ನ ಗಂಟ ಅಲ್ಲವಾ. ಊರ ಗಂಟ ಹೋಗತೈತಿ."

ಅವಳಿಗೆ ತಿಳಿಯಲಿಲ್ಲ. ಮುದುಕಿಗೆ ತಲೆ ತಿರುಗಿದೆ ಎಂದು ಹೊರಟುಹೋದಳು. ನಿಮಗೂ ತಿಳಿದಿರಲಾರದು. ಕುಳಿತು ಕೇಳಿ, ಹೇಳುತ್ತೇನೆ.

ಈಗ ರೇಡಿಯೋದಲ್ಲಿ ದಿನಾ ಯಾರೋ ಒಬ್ಬರು ದೇಶಕ್ಕೆ ಅನ್ನ ಎಷ್ಟು ಬೇಕು, ಎಷ್ಟಿದೆ, ಎಷ್ಟು ಹಡಗಿನಲ್ಲಿ ಬರುತ್ತದೆ ಎಂದು ಗಂಭೀರವಾಗಿ ಓದುತ್ತಾರೆ. ನನ್ನ ಮಗ ಕಿವಿ ಕೊಟ್ಟು ಕೇಳುತ್ತಾನೆ. ನಾನು ಕಲಿತದ್ದು ಕನ್ನಡ ಎರಡನೆಯ ಇಯತ್ತೆ, ದೇಶದ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಅಂಥ ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಹುಟ್ಟಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಮಣೆಯ ಮೇಲೆ. ಬಡಿಸುತ್ತಿದ್ದವರು ನಮ್ಮ ಅತ್ತೆ.

ನನ್ನ ತವರು ಬೆಳಗಾವಿ. ರವಿವಾರ ಪೇಟೆಯಲ್ಲಿ ಅಪ್ಪನದು ಅಕ್ಕಿ ಅಂಗಡಿ, ಅದರ ಮೇಲಿನ ಅಟ್ಟದಲ್ಲಿ ನಾನು ಹುಟ್ಟಿದ್ದು. ನನ್ನನ್ನು ಕೊಟ್ಟದ್ದು ಖಾನಾಪುರ ತಾಲೂಕಿನ ಬೀಡಿ ಎಂಬ ಹಳ್ಳಿಗೆ, ಭತ್ತದ ಗದ್ದೆಯವರಿಗೆ. ಎರಡೂ ಜೈನರ ಮನೆ, ಎರಡೂ ಕಡೆ ದೀಪ ಹಚ್ಚುವ ಮೊದಲೇ ಊಟ. ಒಂದು ಮನೆ ಬೆಳೆಯುವುದು, ಇನ್ನೊಂದು ಮನೆ ಮಾರುವುದು. ನಮ್ಮ ಮಾವ "ಧಾರಣಿ ಯಾಕ ಏರೈತಿ? ಪ್ಯಾಟಿ ಮಂದಿ ಬಚ್ಚಿಟ್ಟಾರ" ಎನ್ನುತ್ತಿದ್ದರು. ತವರಿಗೆ ಹೋದರೆ ಅಪ್ಪ "ಅಕ್ಕಿ ಎಲ್ಲಿ ಐತಿ? ಹಳ್ಳಿ ಮಂದಿ ಬಚ್ಚಿಟ್ಟಾರ" ಎನ್ನುತ್ತಿದ್ದ. ಇಬ್ಬರೂ ಸುಳ್ಳು ಹೇಳುವವರಲ್ಲ.

ನಾನು ಹೇಳುವುದು ಇಪ್ಪತ್ತನೆಯ ಇಸವಿಯ ಆಚೀಚಿನ ಮಾತು. ದೊಡ್ಡ ಲಡಾಯಿ ಮುಗಿದಿತ್ತು, ಆದರೆ ಧಾರಣೆ ಇಳಿದಿರಲಿಲ್ಲ. ಮೂಡಣ ಸೀಮೆಯಲ್ಲಿ ಮಳೆ ಕೈಕೊಟ್ಟಿತ್ತು. ಬೆಳಗಾವಿಯಲ್ಲಿ ಜನ ಅಕ್ಕಿಗಾಗಿ ಸಾಲು ನಿಲ್ಲುತ್ತಿದ್ದರು. ಆಗ ಇಂಗ್ರೇಜಿ ಸರಕಾರ ಒಂದು ಹುಕುಂ ಹೊರಡಿಸಿತು. ಯಾವ ಊರಲ್ಲಿ ಧಾನ್ಯ ಹೆಚ್ಚಿದೆಯೋ ಆ ಊರು ಪೇಟೆಗೆ ಕೊಡಬೇಕು. ಯಾವ ಊರಲ್ಲಿ ಕಡಿಮೆಯಿದೆಯೋ ಅಲ್ಲಿಗೆ ಸರಕಾರ ರಂಗೂನದಿಂದ ಅಕ್ಕಿ ತರಿಸಿ ಕೊಡುತ್ತದೆ. ಕೇಳಲಿಕ್ಕೆ ಎಷ್ಟು ಚೆಂದ! ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಗೊತ್ತುಮಾಡಲಿಕ್ಕೆ ಒಬ್ಬ ಅಧಿಕಾರಿಯನ್ನೂ ನೇಮಿಸಿದರು. ಜನ ಅವರನ್ನು ಧಾನ್ಯದ ಸಾಹೇಬರು ಎನ್ನುತ್ತಿದ್ದರು. ನಮ್ಮವರೇ, ಬಿಳಿಯರಲ್ಲ.

ಸಾಹೇಬರು ಬೀಡಿಗೆ ಬರುತ್ತಾರೆ, ನಮ್ಮ ಮನೆಯಲ್ಲೇ ಇಳಿಯುತ್ತಾರೆ ಎಂದು ಸುದ್ದಿ ಬಂದಾಗ ಹಿರಿಯರು ಕೂಡಿ ವಿಚಾರ ಮಾಡಿದರು. ಊರು ಬಡವಾಗಿ ಕಾಣಬೇಕು ಎಂದು ಠರಾವಾಯಿತು. ಬಡತನ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಇದ್ದ ಬಡತನ ಸಾಹೇಬರ ಕಣ್ಣಿಗೆ ಸಾಲದಿದ್ದರೆ ಎಂದು ಅಂಜಿಕೆ. ಹೆಂಗಸರು ಬಂಗಾರ ಬಿಚ್ಚಿ, ಹರಕು ಸೀರೆ ಉಡಬೇಕು. ಮೈಕೈ ತುಂಬಿದ ಹುಡುಗರನ್ನು ಎರಡು ದಿನ ನೆಂಟರ ಮನೆಗೆ ಕಳಿಸಬೇಕು. ಹುಲ್ಲಿನ ಬಣವೆಗಳು ಮಾತ್ರ ಆನೆಯ ಹಾಗೆ ನಿಂತಿದ್ದವು, ಅವನ್ನು ಎಲ್ಲಿಗೆ ಕಳಿಸುವುದು? "ಈ ವರ್ಷ ಹುಲ್ಲ ಅಷ್ಟ ಬೆಳದೈತ್ರಿ, ಕಾಳ ಕಟ್ಟಲಿಲ್ಲ" ಎಂದು ಹೇಳುವುದೆಂದು ಗೊತ್ತಾಯಿತು. ನಾನು ಆಗ ಐದು ತಿಂಗಳ ಬಸುರಿ. ಬಸುರಿಯರು ಹೊರಗೆ ಸುಳಿಯಬಾರದು, ಉಂಡು ಸುಖವಾಗಿದ್ದಾರೆ ಎಂದಾಗುತ್ತದೆ ಎಂದು ಯಾರೋ ಸೂಚಿಸಿದರಂತೆ. ಆ ಬುದ್ಧಿವಂತನ ಹೆಸರು ಹೇಳುವುದಿಲ್ಲ, ಮೊಮ್ಮಕ್ಕಳು ಇದ್ದಾರೆ.

ಮಾವ ಮನೆಗೆ ಬಂದು ಅತ್ತೆಗೆ ಹೇಳಿದರು.

"ಏ, ಕೇಳಿಲ್ಲಿ. ಸಾಹೇಬಗ ನಾಚಣಿ ರೊಟ್ಟಿ, ಅಂಬಲಿ. ಅಷ್ಟ. ಅನ್ನದ ವಾಸನಿ ಸೈತ ಹೊರಗ ಬರಬಾರದು."

"ಮನಿಗಿ ಬಂದಾವ್ರಿಗೆ ಅಂಬಲಿ ಹಾಕೂದು? ನಮ್ಮ ಅತ್ತಿ ಇದ್ದಿದ್ರ ನನ್ನ ಹೊರಗ ಹಾಕತಿದ್ಲು."

"ಆಕಿ ಸತ್ತ ಯಾವ ಕಾಲ ಆತು!"

"ಸತ್ರೇನಾತು, ನೋಡತಿರತಾಳ."

"ನೋಡಲಿ. ಕಣಜದಾಗಿನ ಬೀಜದ ಭತ್ತಾನೂ ನೋಡಲಿ. ಅದ ಹೋದ್ರ ಮುಂದಿನ ಮಳಿಗೆ ಏನ ಬಿತ್ತತಿ, ನಿನ್ನ ಮರ್ಯಾದಿ?"

ಬೀಜದ ಮಾತು ಬಂದ ಕೂಡಲೆ ಅತ್ತೆ ನಾಚಣಿ ಹಿಟ್ಟಿನ, ಅಂದರೆ ರಾಗಿ ಹಿಟ್ಟಿನ, ಗಡಿಗೆ ಇಳಿಸಿಕೊಂಡರು. ನಮ್ಮ ಮನೆಯಲ್ಲಿ ಎರಡು ಕಣಜ. ದೊಡ್ಡದರಲ್ಲಿ ತಿನ್ನುವ ಭತ್ತ. ಸಣ್ಣದರಲ್ಲಿ ಬೀಜದ್ದು, ಒಳ್ಳೆಯ ತೆನೆ ಆರಿಸಿ, ಬೇರೆ ಬಡಿದು, ಬೇರೆ ಒಣಗಿಸಿ, ಬಾಯಿಗೆ ಸಗಣಿ ಮೆತ್ತಿ ಮುಚ್ಚಿದ್ದು. ಎರಡರಲ್ಲೂ ಅಂಬೆಮೋಹರ ಎಂಬ ತಳಿ, ಬೆಂದರೆ ಮಾವಿನ ಹೂವಿನ ಪರಿಮಳ ಬೀರುತ್ತದೆ. ಮನೆಯಲ್ಲಿ ಎಷ್ಟೇ ತತ್ವಾರವಾದರೂ ಆ ಕಣಜದ ಬಾಯಿ ರೋಹಿಣಿ ಮಳೆಯವರೆಗೆ ತೆರೆಯುತ್ತಿರಲಿಲ್ಲ. ಅದು ಹೋದರೆ ಗದ್ದೆಯಿದ್ದೂ ಇಲ್ಲದ ಹಾಗೆ.

ಸಾಹೇಬರು ದಮಣಿ ಗಾಡಿಯಲ್ಲಿ ಬಂದು ಇಳಿದಾಗ ಹೊತ್ತು ಬಾಗಿತ್ತು. ಬಡಕಲು ಮನುಷ್ಯ, ಕರಿಯ ಕೋಟು, ಹೊಟ್ಟೆಯ ಮೇಲೆ ಸದಾ ಒಂದು ಕೈ. ಜೊತೆಗೆ ಪರಸು ಎಂಬ ಸಿಪಾಯಿ, ಕಣಕುಂಬಿ ಕಡೆಯ ಹುಡುಗಾಟದ ಮನುಷ್ಯ, ಎದೆಗೆ ಸರಕಾರದ ಹಿತ್ತಾಳೆ ಬಿಲ್ಲೆ. ಊರನ್ನು ಒಂದು ಸುತ್ತು ಹಾಕಿದರು. ಎಲ್ಲರೂ ಚೆನ್ನಾಗಿ ಬಡವರಾದರು. ಬಣವೆ ನೋಡಿ ಸಾಹೇಬರು "ಬರೀ ಹುಲ್ಲ?" ಎಂದರು. ಮಾವ "ಬರೀ ಹುಲ್ರಿ" ಎಂದರು. ಸಾಹೇಬರು ತಲೆಯಾಡಿಸಿದರು. ಅಷ್ಟೊತ್ತಿಗೆ ಕೆಲಸ ಆದಂತೆಯೇ ಇತ್ತು.

"ಬಾಯಾರ, ನಂದು ಊಟ ರಾತ್ರಿರೀ," ಎಂದರು ಸಾಹೇಬರು, ಅತ್ತೆ ಮಣೆ ಹಾಕಿದ್ದು ನೋಡಿ.

"ದೀಪಾ ಹಚ್ಚಿದಮ್ಯಾಲ ನಮ್ಮಲ್ಲಿ ಒಲಿ ಹಚ್ಚೂದಿಲ್ರಿ. ಹೊತ್ತ ಮುಣಗಾಕ ಹತ್ತೇತಿ, ಕುಂದರ್ರಿ."

ಕುಳಿತರು. ಅತ್ತೆ ಮುಖ ಇಳಿಬಿಟ್ಟುಕೊಂಡು ನಾಚಣಿ ರೊಟ್ಟಿ ಇಟ್ಟು ಅಂಬಲಿ ಬಡಿಸಿದರು. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಆಹಾ! ವೈದ್ಯರು ನನಗ ಇದನ್ನ ಕುಡೀರಿ ಅಂದಿದ್ರು. ಹೋದಲ್ಲೆಲ್ಲಾ ಹೋಳಗಿ, ಹೋಳಗಿ. ಹೊಟ್ಟಿ ಸತ್ತ ಹೋಗಿತ್ರೀ ಬಾಯಾರ."

ಬಾಗಿಲ ಹತ್ತಿರ ನಿಂತಿದ್ದ ಮಾವನ ಮುಖ ಅರಳಿತು. ನಮ್ಮ ಬಡತನ ಅಧಿಕಾರಿಗೆ ರುಚಿಸಿತ್ತು. ಸಾಹೇಬರು ಬಟ್ಟಲು ಮುಗಿಸಿ "ಸಾಕು" ಎಂದರು. ಅತ್ತೆ ಇನ್ನೊಂದು ಸೌಟು ಸುರಿದರು. ಅದನ್ನೂ ಕುಡಿದರು. "ಸಾಕ್ರಿ" ಎಂದರು. ಎರಡನೆಯ ಸೌಟು ಬಿತ್ತು. ಅದೂ ಹೋಯಿತು. ಆಮೇಲೆ ಸಾಹೇಬರು ಬಟ್ಟಲಿನ ಮೇಲೆ ಅಂಗೈ ಮುಚ್ಚಿ, "ಖರೇ ಸಾಕು ಬಾಯಾರ, ಹೊಟ್ಟಿ ತುಂಬೇತಿ" ಎಂದರು.

ಇಲ್ಲಿಗೆ ಬಿಟ್ಟಿದ್ದರೆ ಊರು ಉಳಿಯುತ್ತಿತ್ತು. ಆದರೆ ಒಬ್ಬ ಅತಿಥಿ ಬಟ್ಟಲಿಗೆ ಕೈ ಮುಚ್ಚಿದ್ದನ್ನು ಕಂಡರೆ ಅತ್ತೆಯ ಒಳಗೆ ಏನೋ ಆಗುತ್ತಿತ್ತು. ಅದು ವಿಚಾರ ಮಾಡಿ ಆಗುವಂಥದ್ದಲ್ಲ. ಬಿಸಿ ತಗಲಿದರೆ ಕೈ ಹಿಂದಕ್ಕೆ ಬರುವುದಿಲ್ಲವೆ, ಹಾಗೆ ಅವರ ಕೈ ಮುಂದಕ್ಕೆ ಹೋಗುತ್ತಿತ್ತು.

"ಅಯ್ಯ, ಇದೇನ ಊಟಾರೀ! ಅಂಬಲಿ ಕುಡದ ಎದ್ದ ಹೋದ್ರ ಮನಿ ಹೆಸರ ಏನಾಗಬೇಕು? ಒಂದ ತುತ್ತ ಅನ್ನಾ ಉಣ್ಣರಿ. ಚಂದವ್ವಾ, ಆ ಅನ್ನದ ಬೋಗಾಣಿ ತಾರವಾ. ತುಪ್ಪಾನೂ ತಾ!"

ನಾನು ನಿಂತಲ್ಲೇ ನಿಂತೆ. ಮಾವ ಬಾಗಿಲಲ್ಲಿ ಕೆಮ್ಮಿದರು. ಅತ್ತೆ ತಿರುಗಿಯೂ ನೋಡಲಿಲ್ಲ. ಮಾವ ಮತ್ತೆ ಕೆಮ್ಮಿದರು, ಕ್ಷಯ ಹಿಡಿದವರ ಹಾಗೆ.

"ಮಾವಗ ನೀರ ಕೊಡ, ಗಂಟಲಾಗ ಏನರ ಸಿಕ್ಕಿರಬೇಕು. ಮೊದಲ ಅನ್ನಾ ತಾ."

ಬೋಗಾಣಿ ತಂದೆ. ಮನೆಯವರಿಗೆಂದು ಮಾಡಿ, ಮೂರು ಅರಿವೆ ಸುತ್ತಿ, ಒಳಕೋಣೆಯಲ್ಲಿ ಮುಚ್ಚಿಟ್ಟ ಅನ್ನ. ಮುಚ್ಚಳ ತೆಗೆದ ಕೂಡಲೆ ಪಡಸಾಲೆಯ ತುಂಬ ಮಾವಿನ ಹೂವಿನ ವಾಸನೆ. ಸಾಹೇಬರ ಕೈ ಬಟ್ಟಲಿನ ಮೇಲಿಂದ ತಾನಾಗಿ ಸರಿಯಿತು. ಅತ್ತೆ ಮೂರನೆಯ ಸೌಟು ಹಾಕಿದರು, ಮೇಲೆ ತುಪ್ಪ ಸುರಿದರು. ಹೊಟ್ಟೆ ತುಂಬಿದ ಮನುಷ್ಯ ಅದನ್ನೂ ಉಂಡ. ಉಣ್ಣುತ್ತ ಉಣ್ಣುತ್ತ ಮೆಲ್ಲಗೆ ಕೇಳಿದರು.

"ಯಾವ ಅಕ್ಕಿರೀ ಬಾಯಾರ, ಇದು?"

"ಅಂಬೆಮೋಹರ್ರೀ. ನಮ್ಮ ಗದ್ದಿದು."

"ಊರಾಗ ಎಲ್ಲಾರೂ ಇದನ್ನ ಉಣತಾರ?"

"ಉಣತಾರ್ರಿ. ಆದ್ರ ನಮ್ಮದು ತುಸು ಹೆಚ್ಚಿಗಿ ಛಲೋ ಇರತೈತಿ."

ಮಾವ ಕೆಮ್ಮುವುದನ್ನು ನಿಲ್ಲಿಸಿ ಅಂಗಳಕ್ಕೆ ಹೋಗಿ ಕುಳಿತರು.

ಸಾಹೇಬರು ಕೆಟ್ಟವರೇನಲ್ಲ. ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ತಮ್ಮ ನ್ಯಾಯ ಬಿಡಿಸಿ ಹೇಳಿದರು. "ನೋಡ್ರಿ, ಕೊರತಿ ಇದ್ದ ಮನ್ಯಾಗ ಸಾಕಂದ್ರ ಸೌಟ ನಿಲ್ಲತೈತಿ. ಇಲ್ಲಿ ನಿಲ್ಲಲಿಲ್ಲ. ಅಂದ್ರ ಈ ಊರಾಗ ಧಾನ್ಯ ಹೆಚ್ಚೈತಿ." ಸಾಲ ಮಾಡಿಯಾದರೂ ಮೂರನೆಯ ಸಲ ಬಡಿಸುವ ಜನ ನಾವು ಎಂದು ಹೇಳಿದರೆ ಅದನ್ನು ಯಾವ ಸರಕಾರ ನಂಬುತ್ತದೆ?

ಮರುದಿನ ಅಳೆಯಲಿಕ್ಕೆ ಶುರುಮಾಡಿದರು. ಮನೆಯಲ್ಲಿ ಬಾಯಿ ಎಷ್ಟು, ಒಂದೊಂದು ಬಾಯಿಗೆ ಎಷ್ಟು, ಉಳಿದದ್ದು ಹೆಚ್ಚಿನದು. ಗಂಡಸಿನ ಬಾಯಿಗೆ ಇಷ್ಟು, ಹೆಂಗಸಿನ ಬಾಯಿಗೆ ಅದಕ್ಕಿಂತ ಕಡಿಮೆ ಎಂದು ಮೇಲಿನಿಂದಲೇ ಬಂದಿತ್ತಂತೆ. ಹೊಲದ ಕೆಸರಿನಲ್ಲಿ ದಿನವೆಲ್ಲ ಬಗ್ಗಿ ಕಳೆ ತೆಗೆಯುವವರು ನಾವು, ಕಟ್ಟೆಯ ಮೇಲೆ ಕೂತು ಠರಾವು ಮಾಡುವವರು ಅವರು. ಇದನ್ನು ಬರೆದ ಪುಣ್ಯಾತ್ಮನಿಗೆ ಬಡಿಸುತ್ತಿದ್ದ ಹೆಂಗಸು ಅವನ ಮುಂದೆ ಒಂದು ದಿನವೂ ಉಂಡಿರಲಿಕ್ಕಿಲ್ಲ. ತಾನು ಎದ್ದ ಮೇಲೆ ಅವಳು ಅಡಿಗೆಮನೆಯಲ್ಲಿ ಎಷ್ಟು ಉಣ್ಣುತ್ತಾಳೆಂದು ಅವನಿಗೆ ಹೇಗೆ ತಿಳಿಯಬೇಕು?

ಸಣ್ಣ ಕಣಜದ ಮುಂದೆ ಸಾಹೇಬರು ನಿಂತಾಗ ಅತ್ತೆ ಅಡ್ಡ ಬಂದರು.

"ಇದು ಬೀಜರೀ. ತಿನ್ನೂದಲ್ಲ."

"ತಿನ್ನೂದಲ್ಲ ಅಂದಮ್ಯಾಲ ಹೆಚ್ಚಿಂದ ಆತಲ್ರಿ."

"ಬಿತ್ತೂದ್ರಿ ಸಾಹೇಬ್ರ!"

"ಬಿತ್ತಿದಮ್ಯಾಲ ಬೆಳಿ ಅಂತ ಬರಕೋತೀವಿ. ಅಲ್ಲೀತನಕ ಹೆಚ್ಚಿಂದ. ಕಮ್ಮಿ ಬಿದ್ರ ಅರ್ಜಿ ಕೊಡ್ರಿ, ರಂಗೂನದ ಅಕ್ಕಿ ಬರತೈತಿ."

"ಅಕ್ಕಿ ಬಿತ್ತತಾರೇನ್ರೀ ಯಾರರ? ಸಿಪ್ಪಿ ತಗದದ್ದು ಹುಟ್ಟತೈತೇನು?"

"ಹುಟ್ಟೂದು ಬಿಡೂದು ಖೇತಿ ಖಾತೇದು ಬಾಯಾರ. ನಂದು ಧಾನ್ಯ ಖಾತೆ."

ಸಂಕ್ರಾಂತಿ ಕಳೆದ ಮೇಲೆ ಗಾಡಿ ತಂದು ಒಯ್ಯುತ್ತೇವೆ, ಸರಕಾರದ ಧಾರಣೆಯಂತೆ ಕೊಡುತ್ತೇವೆ ಎಂದು ಹೇಳಿ ಹೋದರು. ಸಾಹೇಬರ ದಮಣಿ ಮರೆಯಾದ ಮೇಲೆ ಊರು ಅತ್ತೆಯ ಕಡೆ ತಿರುಗಿತು. ಬಾವಿಯ ಹತ್ತಿರ ಹೋದರೆ ಹೆಂಗಸರು "ಬರ್ರಿ, ಮೂರನೇ ಸೌಟು ಬಂತು" ಎನ್ನುತ್ತಿದ್ದರು. ಪೂಜೆಗೆಂದು ಬಸ್ತಿಗೆ ಹೋದರೆ ಅಲ್ಲಿಯೂ ಅದೇ. ಅತ್ತೆ ಉಣ್ಣುವುದನ್ನೇನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ದುಃಖಕ್ಕೆ ಊಟ ಬಿಡುವ ಪದ್ಧತಿಯಿಲ್ಲ. ಆದರೆ ಸಣ್ಣ ಕಣಜಕ್ಕೆ ಬೆನ್ನು ಹಚ್ಚಿ ಕುಳಿತು ದಿನಾ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಮೊಮ್ಮಗನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಅದು ಬೇರೆಯೇ ಇತ್ತು.

ಒಂದು ಮುಂಜಾನೆ ಮಾವನಿಗೆ ಹೇಳಿದರು.

"ಇಕಿಗೆ ಏಳ ತುಂಬಾಕ ಬಂತು. ಕುಬಸಾ ಮಾಡಿ ತವರಿಗೆ ಕಳಸೂಣು. ಉಡಿ ದೊಡ್ಡದ ತುಂಬೂಣು."

ಬಸುರಿ ಸೊಸೆಗೆ ಹಸಿರು ಸೀರೆ ಉಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ತುಂಬಿ ತವರಿಗೆ ಕಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಮಾವ ಸಣ್ಣ ಕಣಜದ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು.

"ಉಡಿಗೆ ಅಕ್ಕಿ ಹಾಕತಾರ. ಭತ್ತ ಅಲ್ಲ."

"ಈ ವರ್ಷ ಭತ್ತ."

"ಬೊಗಸಿಲೆ ಹಾಕತಾರ. ಚೀಲದಲೆ ಅಲ್ಲ."

"ಈ ವರ್ಷ ಚೀಲ."

ಸರಕಾರದ ಗಾಡಿಗಳು ಬಂದು ಊರ ಅಗಸಿ ಬಾಗಿಲಲ್ಲಿ ನಿಂತ ದಿನವೇ ನನ್ನ ಕುಬಸ. ಐದು ಬೊಗಸೆ ಸೆರಗಿನಲ್ಲಿ ಬಿತ್ತು. ಉಳಿದದ್ದು ಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು, ಮೇಲೆ ಅರಿಷಿಣ ಕುಂಕುಮ ಹಚ್ಚಿ ಗಾಡಿಯಲ್ಲಿಟ್ಟರು. ಅದರ ಮೇಲೆ ನನ್ನನ್ನು ಕೂಡಿಸಿದರು. ಅಗಸಿಯಲ್ಲಿ ಪರಸು ಗಾಡಿ ತಡೆದ.

"ಏನ್ರಿ ವೈನಿ, ಕೆಳಗ?"

"ಉಡಿ," ಎಂದೆ.

"ಇಷ್ಟ ದೊಡ್ಡ ಉಡಿ?"

"ಅವಳಿ ಜವಳಿ ಅಂತ ಹೇಳ್ಯಾರ."

ಅವನು ಚೀಲದ ಕಡೆ ಕೈ ನೀಡಿದ. ಗಾಡಿಯ ಹಿಂದೆ ನಡೆದು ಬರುತ್ತಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಹಚ್ಚು, ಹಚ್ಚು. ಬಸುರಿ ಉಡಿಗೆ ಕೈ ಹಚ್ಚಿದಾಂವ ಅಂತ ಕಣಕುಂಬಿತನಕ ಸುದ್ದಿ ಹೋಗಲಿ. ನಿಮ್ಮವ್ವ ಅದಾಳಲ್ಲ ಇನ್ನೂ?"

"ಅದಾಳ್ರಿ," ಎಂದು ಪರಸು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಹೋಗ್ರಿ, ಹೋಗ್ರಿ."

ಆ ವಾರ ಬೀಡಿಯ ಹೆಂಗಸರಲ್ಲಿ ಬಹಳ ಜನರಿಗೆ ತವರು ನೆನಪಾಯಿತಂತೆ. ಬಸುರಿಯಲ್ಲದವರಿಗೂ. ಆಮೇಲೆ ಬಾವಿಯ ಹತ್ತಿರ ಅತ್ತೆಗೆ ಜಾಗ ಬಿಡುತ್ತಿದ್ದರು ಎಂದು ಕೇಳಿದೆ.

ಇನ್ನು ಬೆಳಗಾವಿಯ ಮಾತು. ಬೀಜವನ್ನು ಸರಕಾರದಿಂದ ತಪ್ಪಿಸಿ ನಾನು ತಂದಿಟ್ಟದ್ದು ಎಲ್ಲಿ? ಅಕ್ಕಿ ವ್ಯಾಪಾರಿಯ ಮನೆಯಲ್ಲಿ. ಅತ್ತೆ ಎಲ್ಲ ವಿಚಾರ ಮಾಡಿದ್ದರು, ನನ್ನ ಅಪ್ಪನ ವಿಚಾರ ಒಂದನ್ನು ಬಿಟ್ಟು.

ಅಪ್ಪನ ಅಂಗಡಿಯ ಮುಂದೆ ಆಗ ಸರಕಾರದ ಧಾರಣೆಯ ಹಲಗೆ ತೂಗುಬಿದ್ದಿತ್ತು. ಹಲಗೆ ಇದ್ದಲ್ಲಿ ಅಕ್ಕಿ ಇರಲಿಲ್ಲ. ಅಕ್ಕಿ ಶಹಾಪುರದಲ್ಲಿತ್ತು. ಶಹಾಪುರ ಅಂದರೆ ದೂರವೇನಲ್ಲ, ಬೆಳಗಾವಿಗೆ ಅಂಟಿಕೊಂಡೇ ಇದ್ದ ಊರು, ಆದರೆ ಆಗ ಸಂಸ್ಥಾನಿಕರದು. ಇಂಗ್ರೇಜಿ ಹುಕುಂ ಗಡಿಯ ಈಚೆಗೆ ನಿಲ್ಲುತ್ತಿತ್ತು, ಅಪ್ಪನ ಚೀಲಗಳು ಗಡಿಯ ಆಚೆಗೆ ನಿಲ್ಲುತ್ತಿದ್ದವು. ಗಿರಾಕಿ ಬಂದು ಹಲಗೆ ಓದಿ "ಈ ಧಾರಣಿಗೆ ಕೊಡ್ರಿ" ಎಂದರೆ ಅಪ್ಪ ಕೈ ಮುಗಿದು "ಧಾರಣಿ ಐತ್ರಿ, ಅಕ್ಕಿ ಇಲ್ರಿ" ಎನ್ನುತ್ತಿದ್ದ. ಶಹಾಪುರದಲ್ಲಿ ಕೇಳಿದರೆ ಅಕ್ಕಿ ಇತ್ತು, ಧಾರಣೆ ಕೇಳುವ ಹಾಗಿರಲಿಲ್ಲ.

ಬೀಡಿಯಿಂದ ಒಯ್ದ ಭತ್ತವನ್ನು ಕುಟ್ಟಿಸಿ ಕೋಟೆಯ ಕಂದಕದ ಹತ್ತಿರದ ಸರಕಾರಿ ಅಂಗಡಿಯಲ್ಲಿ ಮಾರುತ್ತಿದ್ದರು. ಅಷ್ಟರಲ್ಲಿ ಬೀಡಿಯಲ್ಲಿ ಕಣಜ ಬರಿದಾಗಿ ಊರವರು ಅರ್ಜಿ ಕೊಟ್ಟಿದ್ದರು. ಸರಕಾರ ಮಾತಿಗೆ ತಪ್ಪಲಿಲ್ಲ. ರಂಗೂನದ ಅಕ್ಕಿ ಹಡಗು ಹತ್ತಿ, ಆಗಿನ್‌ಗಾಡಿ ಹತ್ತಿ ಖಾನಾಪುರ ಸ್ಟೇಶನ್ನಿಗೆ ಬಂದು ಇಳಿಯಿತು. ಬೀಡಿಯ ಭತ್ತ ಹೊತ್ತು ಬೆಳಗಾವಿಗೆ ಹೊರಟ ಗಾಡಿಗಳೂ ರಂಗೂನದ ಅಕ್ಕಿ ಹೊತ್ತು ಬೀಡಿಗೆ ಹೊರಟ ಗಾಡಿಗಳೂ ಖಾನಾಪುರದ ಒಂದೇ ಮರದ ನೆರಳಿನಲ್ಲಿ ಎತ್ತು ಬಿಚ್ಚುತ್ತಿದ್ದವು. ಗಾಡಿಯವರು ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟು, ನಕ್ಕು, ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಬಾಡಿಗೆ ಇಬ್ಬರಿಗೂ ಇತ್ತು, ಅವರು ಯಾಕೆ ತಕರಾರು ಮಾಡಬೇಕು? ಆ ಅಕ್ಕಿ ಬೇಯಿಸಿ ಅತ್ತೆ ಮುಂದಿಟ್ಟಾಗ ಮಾವ ಮೊದಲ ಸೌಟಿಗೇ ಕೈ ಅಡ್ಡ ಹಿಡಿದರೆಂದು ನನ್ನ ಗಂಡ ಬಂದಾಗ ಹೇಳಿದ.

ಅಪ್ಪ ದಿನಾ ಮುಂಜಾನೆ ನನ್ನ ಕೋಣೆಗೆ ಬರುತ್ತಿದ್ದ. ಮಗಳ ಮೈ ಹೇಗಿದೆ ಎಂದು ಕೇಳುವುದು ನೆವ. ಕೈ ಮಾತ್ರ ಚೀಲದ ಹೊಲಿಗೆಯ ಸಂದಿನಲ್ಲಿ. ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡುವನು. ಟಕ್ ಎಂದರೆ ಚೆನ್ನಾಗಿ ಒಣಗಿದೆ ಎಂದು ಅರ್ಥ. ದಿನಾ ಟಕ್ ಎನ್ನುತ್ತಿತ್ತು.

"ಅಂಬೆಮೋಹರ ಅಲ್ಲವಾ, ಬಂಗಾರ ಐತಿದು. ಈಗ ಕೊಡು. ಸುಗ್ಗಿಗೆ ಒಂದಕ್ಕ ಎರಡ ಚೀಲ ತಗೋ."

"ಸುಗ್ಗಿ ಬರಬೇಕಂದ್ರ ಬಿತ್ತಬೇಕಲ್ಲಪಾ."

"ಯಾರರ ಬಿತ್ತತಾರ ಬಿಡು. ಎಲ್ಲಾ ನೀನ ಬಿತ್ತಬೇಕೇನು?"

ಇಡೀ ದೇಶದಲ್ಲಿ ಆಗ ಎಲ್ಲರೂ ಇದೇ ಮಾತನ್ನು ನಂಬಿ ಕುಳಿತಿದ್ದರೆಂದು ನನಗೆ ಈಗ ಅನ್ನಿಸುತ್ತದೆ. ಅವ್ವ ಒಳಗಿನಿಂದ ಕೂಗುತ್ತಿದ್ದಳು: "ಮಗಳ ಉಡಿಗೆ ಕೈ ಹಾಕಬ್ಯಾಡ್ರಿ, ನಿಮಗ ಛಲೋ ಆಗೂದಿಲ್ಲ!" ಅಪ್ಪ ಕೈ ತೆಗೆಯುತ್ತಿದ್ದ, ಕಣ್ಣು ತೆಗೆಯುತ್ತಿರಲಿಲ್ಲ. ನಾನು ಚೀಲಗಳನ್ನು ಸಾಲಾಗಿ ಹಾಕಿಸಿ, ಮೇಲೆ ಕೌದಿ ಹಾಸಿ, ಅದರ ಮೇಲೇ ಮಲಗತೊಡಗಿದೆ. ಕೂಸು ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಅವಳಿ ಜವಳಿಯೇನಲ್ಲ, ಒಂದೇ, ಹೆಣ್ಣು. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಸರಕಾರದ ಹುಕುಮಿಗೆ ಬಗ್ಗದ ನನ್ನ ಅಪ್ಪ ಮೈಲಿಗೆಗೆ ಬಗ್ಗಿದ. ಅಷ್ಟು ದಿನ ನಮ್ಮ ಬೀಜ ನಿಶ್ಚಿಂತೆಯಿಂದ ಇತ್ತು.

ಬಾಣಂತಿತನ ಇನ್ನೂ ಅರ್ಧಕ್ಕೇ ಇತ್ತು, ರೋಹಿಣಿ ಹತ್ತಿರ ಬಂತು. ನಮ್ಮ ಕಡೆ ಮೊದಲ ಹದಕ್ಕೆ ಕೂರಿಗೆ ಹೂಡಬೇಕು. ಹದ ತಪ್ಪಿದರೆ ಬೀಜ ಇದ್ದೂ ವ್ಯರ್ಥ. "ಹಸಿ ಬಾಣಂತಿ, ಐದ ತಿಂಗಳ ಆಗೂತನಕ ಕಳಸೂದಿಲ್ಲ," ಎಂದಳು ಅವ್ವ. "ನನ್ನ ಇಟಗೋ, ಚೀಲಾ ಕಳಸು," ಎಂದೆ. ಅಷ್ಟು ಹೇಳಿ ಅಪ್ಪನ ಮುಖ ನೋಡಿದೆ. ನೋಡಿದ ಮೇಲೆ ಚೀಲಗಳನ್ನು ಒಂಟಿಯಾಗಿ ಕಳಿಸುವುದು ಬೇಡವೆನ್ನಿಸಿತು. ಗಂಡ ಗಾಡಿ ತಂದ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚೀಲದ ಮೇಲೆ ಹತ್ತಿ ಕುಳಿತೆ. ಅಪ್ಪ ಬೀದಿಗೆ ಬಂದು, "ನಿನ್ನ ಮದವಿ ಮಾಡಬಾರದಾಗಿತ್ತು. ಅಂಗಡ್ಯಾಗ ಕುಂಡ್ರಿಸಬೇಕಾಗಿತ್ತು," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಖಾನಾಪುರದಲ್ಲಿ ಮಲಪ್ರಭೆಯ ಸೇತುವೆಯ ಹತ್ತಿರ ಹೊಸದಾಗಿ ಚೌಕಿ ಹಾಕಿದ್ದರು. ದಾರಿಗೆ ಅಡ್ಡ ಒಂದು ಬಿದಿರು ಗಳ. ಗಳದ ಹತ್ತಿರ ಪರಸು. ಮೊದಲಿನ ಹುಡುಗಾಟ ಮುಖದ ಮೇಲಿರಲಿಲ್ಲ.

"ವೈನಿ, ಪಾಸ ಎಲ್ಲೈತ್ರಿ?"

"ಹೋಗಾಗ ಕೇಳಿರಲಿಲ್ಲ?"

"ಹಳ್ಳಿಯಿಂದ ಪ್ಯಾಟಿಗೆ ಧಾನ್ಯ ಹೋಗೂದ ಸರಕಾರಕ್ಕ ಬೇಕಾಗಿತ್ರಿ. ಪ್ಯಾಟಿಯಿಂದ ಹಳ್ಳಿಗೆ ಬರೂದಂದ್ರ ರಂಗೂನದ್ದಕ್ಕ ಅಷ್ಟ ಪಾಸ ಕೊಡತಾರ. ಇದನ್ನ ಬಿಡಾಕ ಬರೂದಿಲ್ಲ."

"ಹಂಗಾರ ಇದು ರಂಗೂನದ್ದ."

"ರಂಗೂನದ್ದು ಅಕ್ಕಿರಿ. ಇದು ಭತ್ತ."

"ಹಡಗದಾಗ ಥಂಡಿ ಬಾಳ ಇತ್ತಂತ. ಸಿಪ್ಪಿ ಹೊದ್ಕೊಂಡೈತಿ."

ನನ್ನ ಗಂಡ ಎತ್ತಿನ ಕೊರಳ ಗೆಜ್ಜೆ ನೋಡುತ್ತ ಕುಳಿತ. ಪರಸು ನಗಲಿಲ್ಲ. ಚೀಲದ ಮೇಲೆ ಕೈಯಿಟ್ಟ. ಬಿಚ್ಚಿ ನೋಡುವವನ ಹಾಗಲ್ಲ, ಎಮ್ಮೆಯ ಮೈಮೇಲೆ ಇಡುವ ಹಾಗೆ.

"ಬೀಜೇನ್ರಿ?"

"ಬೀಜ."

"ನಮ್ಮ ಗದ್ದಿ ಖಾಲಿ ಬಿದ್ದೈತ್ರಿ ವೈನಿ."

"ನಿನ್ನ ಬೀಜಾ ಎಲ್ಲಿ ಹೋತೋ? ನೀನ ಸರಕಾರ ಅಲ್ಲೇನು?"

"ಅದಕ್ಕ ಹೋತ್ರಿ. ಸರಕಾರದ ನೌಕರನ ಬಚ್ಚಿಟ್ಟಾನ ಅನಬಾರದಂತ ಎಲ್ಲಾರಕಿಂತ ಮೊದಲ ನಮ್ಮನಿ ಕಣಜಾ ನಾನ ನಿಂತ ಹೇರಿಸಿದೆ. ಅವ್ವ ನನ್ನ ಕೂಡ ಮಾತ ಬಿಟ್ಟಾಳ."

ಬಿಸಿಲು ಸುಡುತ್ತಿತ್ತು. ಪಶ್ಚಿಮಕ್ಕೆ ಕಣಕುಂಬಿಯ ಕಡೆಯ ಗುಡ್ಡದ ಮೇಲೆ ಮೋಡ ಕಪ್ಪಾಗಿ ಕೂಡಿತ್ತು. ಅಲ್ಲಿ ಮಳೆ ನಮಗಿಂತ ಮೊದಲು ಬೀಳುತ್ತದೆ. ನಾನು ಕೂಸನ್ನು ಗಂಡನ ಕೈಯಲ್ಲಿ ಕೊಟ್ಟು ಒಂದು ಚೀಲದ ಹೊಲಿಗೆ ಬಿಚ್ಚಿದೆ. ಕರುಣೆ ಬಂದು ಅಲ್ಲ. ಆ ಗಳ ಮೇಲೇಳಬೇಕಿತ್ತು, ಹದ ಕಾಯುವುದಿಲ್ಲ.

ಪರಸು ತಲೆಯ ರುಮಾಲು ಬಿಚ್ಚಿ ದಾರಿಯಲ್ಲೇ ಹಾಸಿದ. ನಾನು ಅಳೆಯದೆ ಸುರಿದೆ. ಅವನು ಚೆದುರಿದ ಕಾಳುಗಳನ್ನು ಮಣ್ಣಿನಿಂದ ಒಂದೊಂದಾಗಿ ಆರಿಸಿ ಗಂಟಿಗೆ ಸೇರಿಸಿ ಕಟ್ಟಿದ. ಎದೆಯ ಬಿಲ್ಲೆ ಕಾಳಿಗೆ ತಾಗುತ್ತಿತ್ತೆಂದು ಅದನ್ನು ಕಳಚಿ ಕಿಸೆಗೆ ಹಾಕಿಕೊಂಡ. ಬಿದಿರ ಗಳವನ್ನು ಮೇಲೆತ್ತಿ ಕಟ್ಟಿದ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಕಣಕುಂಬಿಯ ದಾರಿ ಹಿಡಿದು ನಡೆದುಬಿಟ್ಟ.

ಹಿಂದೆ ಗಾಡಿಗಳು ಸಾಲುಗಟ್ಟಿದ್ದವು. ರಂಗೂನದ್ದು, ಪೇಟೆಯದು, ಇನ್ನು ಯಾರು ಯಾರದೋ. ಗಳ ಮೇಲಿರುವುದನ್ನು ನೋಡಿ ಎಲ್ಲರೂ ತಮಗೆ ಬೇಕಾದ ಕಡೆ ಹೊರಟರು. ಕೇಳುವವರಿರಲಿಲ್ಲ. ನನ್ನ ಗಂಡ ಕೂಸನ್ನು ಎದೆಗೆ ಹಿಡಿದು ಖಾಲಿ ಚೌಕಿಯನ್ನು ನೋಡುತ್ತ ಕೇಳಿದ.

"ಅಲ್ಲ, ಸರಕಾರ ಎಲ್ಲಿ ಹೋತು?"

"ಬಿತ್ತಾಕ ಹೋತು," ಎಂದೆ. "ನೀವೂ ಎತ್ತ ಹೊಡೀರಿ."